ಕಂದನ ಕಣ್ಣಿಗೆ ದೂರದ ವೈದ್ಯ

ರೋಗಿಯು ವೈದ್ಯನನ್ನು ಅರಸಿಕೊಂಡು ಹೋಗುವುದು ಲೋಕರೂಢಿ. ವೈದ್ಯನ ದೃಷ್ಟಿಯೇ ರೋಗಿಯಿದ್ದೆಡೆಗೆ ಬರುವುದು ನಮ್ಮ ಕಾಲದ ವಿಶೇಷ. ಗಣಕಯಂತ್ರ, ಅಂತರಜಾಲ, ಡಿಜಿಟಲ್ ಛಾಯಾಗ್ರಹಣಗಳು ವೈದ್ಯಕೀಯ ಕ್ಷೇತ್ರದಲ್ಲಿ ತಂದಿರುವ ಪರಿವರ್ತನೆಯು ಬಹುಮುಖವಾದುದು. ಅದೆಲ್ಲವನ್ನೂ ಒಂದು ಕಿರುಲೇಖನದಲ್ಲಿ ವಿವರಿಸುವುದು ಅಸಾಧ್ಯ. ಆದುದರಿಂದ ನಮ್ಮ ನಾಡಿನಲ್ಲಿಯೇ ನಡೆದಿರುವ ಒಂದು ಪ್ರಯತ್ನವನ್ನು ಇಲ್ಲಿ ಪರಿಶೀಲಿಸೋಣ.

ಕಣ್ಣಿನ ಒಳಗೋಡೆಯಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ ಅಕ್ಷಿಪಟಲವೆಂದು ಹೆಸರು. ಗರ್ಭಸ್ಥ ಶಿಶುವಿನಲ್ಲಿ ಇದರ ರಕ್ತನಾಳಗಳು ಸುಮಾರು ೧೬ನೆಯ ವಾರದಲ್ಲಿ ಬೆಳೆಯತೊಡಗಿ, ೪೦ನೆಯ ವಾರದ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ದಿನ ತುಂಬುವ ಮೊದಲೇ ಜನಿಸಿದ ಶಿಶುವಿನಲ್ಲಿ ಈ ಬೆಳವಣಿಗೆಯು ನಡುವೆ ಕುಂಠಿತವಾಗುತ್ತದೆ. ಅನಂತರ ಕೆಲವು ಶಿಶುಗಳಲ್ಲಿ ವಿಕೃತ ನಾಳಗಳು ಹುಟ್ಟಿ, ಅಕ್ಷಿಪಟಲವನ್ನು ಎಳೆದು, ಅದರ ನೆಲೆಯಿಂದಲೇ ಕಳಚಿಬಿಡುತ್ತವೆ. ಫಲ, ಶಾಶ್ವತ ಅಂಧತ್ವ. ಈ ವ್ಯಾಧಿಯನ್ನು ೧೯೪೨ರಲ್ಲಿ ಅಮೆರಿಕದ ವೈದ್ಯ ಟೆರಿಯವರು ಮೊದಲು ವರ್ಣಿಸಿದರು. ಜೀವ ಉಳಿಸಲೆಂದು ಕೊಡುವ ಆಮ್ಲಜನಕವೇ ಮಿತಿಮೀರಿದರೆ ಕಣ್ಣಿಗೆ ಕೇಡಾಗುವುದೆಂದು ೧೯೫೦ರ ದಶಕದಲ್ಲಿ ತಿಳಿದುಬಂದಿತು.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಆರೈಕೆ ಸುಧಾರಿಸಿದಂತೆ, ಹಿಂದೆ ಬದುಕದಿದ್ದ ಶಿಶುಗಳು ಈಗ ಬದುಕುತ್ತಿವೆ. ಅವುಗಳೊಡನೆ ಈ ವ್ಯಾಧಿಯ ಭಯವೂ ಬೆಳೆದಿದೆ. ಕಣ್ಣಿನ ಹೊರನೋಟದಲ್ಲಿ ಆರಂಭದ ಲಕ್ಷಣ ಯಾವುದೂ ಇಲ್ಲ. ಹೆತ್ತ ತಾಯಿಗೂ ಇದು ತಿಳಿಯದು. ೩೪ ವಾರಕ್ಕೆ ಮುನ್ನ ಜನಿಸಿದ ಅಥವಾ ೨,೦೦೦ ಗ್ರಾಂಗಿಂತ ಕಡಮೆ ತೂಕದ ಶಿಶುವಿನ ಕಣ್ಣನ್ನು ೩೦ ದಿನಗಳೊಳಗೆ ಪರೀಕ್ಷಿಸಬೇಕು. ತೀರ ಚಿಕ್ಕ ಶಿಶುಗಳಿಗೆ ಇನ್ನೂ ಬೇಗ. ವ್ಯಾಧಿ ತೀವ್ರವೆಂದು ಕಂಡರೆ ಎರಡು ಮೂರು ದಿನಗಳಲ್ಲಿ ಲೇಸರ್ ಚಿಕಿತ್ಸೆಯಾಗಬೇಕು. ಆದರೆ ಇದನ್ನು ಬಲ್ಲ ತಜ್ಞರು ವಿರಳ. ಇರುವವರಲ್ಲಿ ಬಹುಮಂದಿ ಮಹಾನಗರಗಳಲ್ಲಿ.

ಈ ಅಂತರವನ್ನು ದಾಟಲು ಬೆಂಗಳೂರಿನ ನಾರಾಯಣ ನೇತ್ರಾಲಯವು ೨೦೦೮ರಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 'ಕಿಡ್‌ರಾಪ್' ಯೋಜನೆಯನ್ನು ಆರಂಭಿಸಿತು. ಅನಂತರ ರಾಜ್ಯ ಸರ್ಕಾರವೂ ಕೈಜೋಡಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಡನೆ ಊರೂರಿನ ಶಿಶುಘಟಕಗಳಿಗೆ ಹೋಗುತ್ತಾರೆ. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ಅಕ್ಷಿಪಟಲದ ಸುಮಾರು ೧೩೦ ಅಂಶಗಳ ವಿಸ್ತಾರವನ್ನು ಒಂದೇ ಚಿತ್ರದಲ್ಲಿ ಸೆರೆಹಿಡಿಯುತ್ತಾರೆ. ಚಿಕಿತ್ಸೆಯ ತುರ್ತಿಗೆ ಕೆಂಪು, ಮರುಪರೀಕ್ಷೆಗೆ ಕಿತ್ತಳೆ, ನಿಶ್ಚಿಂತೆಗೆ ಹಸಿರು ಎಂದು ಅವರೇ ವಿಂಗಡಿಸುತ್ತಾರೆ. ಅಂತರಜಾಲದ ಮೂಲಕ ಬಂದ ಚಿತ್ರಗಳನ್ನು ದೂರದ ತಜ್ಞರು ತಮ್ಮ ಮೊಬೈಲ್ ಫೋನಿನಲ್ಲಿಯೇ ನೋಡಿ ನಿರ್ಣಯ ತಿಳಿಸುತ್ತಾರೆ. ಚಿತ್ರಗಳು ಉಳಿಯುವುದರಿಂದ ಕಳೆದ ವಾರದ ಕಣ್ಣನ್ನು ಈ ವಾರದ ಕಣ್ಣಿನೊಡನೆ ಹೋಲಿಸಲೂ ಸಾಧ್ಯ.

ಇಷ್ಟರಿಂದಲೇ ಯಂತ್ರವು ಸರ್ವಶಕ್ತವೆಂದು ಭಾವಿಸಲಾಗದು. ಚಿತ್ರವು ಕ್ಷಣಾರ್ಧದಲ್ಲಿ ಬೆಂಗಳೂರನ್ನು ಸೇರಬಹುದು. ಲೇಸರ್ ಕಿರಣವನ್ನು ಮಾತ್ರ ವೈದ್ಯನ ಕೈಯೇ ಹಿಡಿಯಬೇಕು. ಆಸ್ಪತ್ರೆಯಿಂದ ಮನೆಗೆ ಮರಳಿದ ತಾಯಿ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿ, ಗೊತ್ತಾದ ದಿನ ಮಗುವನ್ನು ಮತ್ತೆ ತರಬೇಕು. ಅವಳು ಬಾರದಿದ್ದರೆ ಕ್ಯಾಮೆರಾ ಎಷ್ಟು ಉತ್ತಮವಾಗಿದ್ದರೇನು? ಅವಳಿಗೆ ತಿಳಿಹೇಳುವ ದಾದಿಯೂ ಆಶಾ ಕಾರ್ಯಕರ್ತೆಯೂ ಈ ವ್ಯವಸ್ಥೆಯಲ್ಲಿ ತಜ್ಞನಷ್ಟೇ ಮುಖ್ಯರು. ಇಂತಹ ಚಿತ್ರಗಳನ್ನು ಓದಲು ಕೃತಕ ಬುದ್ಧಿಮತ್ತೆಯನ್ನೂ ಈಗ ಪ್ರಯೋಗಿಸಲಾಗುತ್ತಿದೆ. ಅದು ನೆರವಾಗಲಿ, ಆದರೆ ಹೊಣೆಯು ಮನುಷ್ಯನದೇ ಆಗಿರಬೇಕು.

ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ದಿನ ತುಂಬದ ಕೂಸೊಂದು ಹುಟ್ಟಿದರೆ, "ಕಣ್ಣಿನ ಪರೀಕ್ಷೆಯಾಯಿತೇ?" ಎಂದು ಹಿರಿಯರನ್ನು ಕೇಳಿರಿ. ಯಂತ್ರವೂ ತಜ್ಞರೂ ಸಿದ್ಧರಿದ್ದರೂ, ಸಕಾಲದಲ್ಲಿ ಕೇಳಿದ ಈ ಒಂದು ಪ್ರಶ್ನೆಯೇ ಒಂದು ಜೀವಕ್ಕೆ ಬಾಳಿನ ಬೆಳಕನ್ನು ಉಳಿಸಿಕೊಡಬಲ್ಲುದು.