ಘಾಟಿ ಹತ್ತುವ ಸಾಫ್ಟ್‌ವೇರ್

ಪುಣೆಯಲ್ಲಿ ಲಾರಿಗಳ ಗೇರ್‌ಬಾಕ್ಸ್‌ಗೆ ಸಾಫ್ಟ್‌ವೇರ್ ಹೊಂದಿಸುವುದು ನನ್ನ ಕೆಲಸ. ಊರಲ್ಲಿ ಹೇಳಿದರೆ ‘ಮೆಕ್ಯಾನಿಕ್ಕಾ?’ ಎನ್ನುತ್ತಾರೆ, ಅದೂ ಪೂರ್ತಿ ಸುಳ್ಳಲ್ಲ.

ಎಎಂಟಿ ಲಾರಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಒಳಗಿರುವುದು ಹಳೆಯ ಹಲ್ಲುಚಕ್ರಗಳೇ. ಗೇರ್ ಹಾಕುವುದು ಮಾತ್ರ ಕಂಪ್ಯೂಟರ್. ಪ್ರತಿ ಬದಲಾವಣೆಗೂ ಚಕ್ರಕ್ಕೆ ಹೋಗುವ ಬಲ ಕ್ಷಣಕಾಲ ಕಡಿತವಾಗುತ್ತದೆ. ಸಪಾಟು ರಸ್ತೆಯಲ್ಲಿ ಅದು ಗೊತ್ತೇ ಆಗದು. ಆದರೆ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾತಾರಾ ಕಡೆಗೆ ಖಂಬಾಟ್ಕಿ ಘಾಟಿ ಹತ್ತುವಾಗ, ಲೋಡ್ ತುಂಬಿದ ಲಾರಿ ಅಷ್ಟರಲ್ಲೇ ವೇಗ ಕಳೆದುಕೊಳ್ಳುತ್ತದೆ. ಏರಿದ ಗೇರ್ ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕ್ಲಚ್ ಬಿಸಿಯಾಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಇದಕ್ಕೆ ಹೊಸ ಬಿಡಿಭಾಗ ಬೇಕಿಲ್ಲ. ಎಂಜಿನ್ ಕೊಡುತ್ತಿರುವ ಬಲವನ್ನೂ ವೇಗ ಏರುತ್ತಿರುವ ಬಗೆಯನ್ನೂ ಹೋಲಿಸಿ, ಹೊರೆ ಎಷ್ಟು, ಏರು ಎಷ್ಟು ಎಂದು ಸಾಫ್ಟ್‌ವೇರ್ ಅಂದಾಜಿಸುತ್ತದೆ. ಮೇಲಿನ ಗೇರ್ ನಿಲ್ಲದು ಎನಿಸಿದರೆ ಇದ್ದ ಗೇರನ್ನೇ ಹಿಡಿದಿಡುತ್ತದೆ. ನಿಪ್ಪಾಣಿ ಬಳಿ ತವಂದಿ ಘಾಟಿ ಹತ್ತಿಸುವ ಚಾಲಕ ಎಂಜಿನ್ ಸದ್ದು ಕೇಳಿಯೇ ಮಾಡುವ ಲೆಕ್ಕವಿದು.

ನನ್ನ ತಕರಾರು ಬೇರೆ. ಸರ್ವಿಸ್‌ನಲ್ಲಿ ಅಪ್‌ಡೇಟ್ ಹಾಕಿ, ಚಾಲಕನಿಗೆ ಏನೂ ಹೇಳದೆ ಕೀಲಿ ಕೊಟ್ಟುಬಿಡುವುದುಂಟು. ಗೇರ್ ಯಾವಾಗ ಬೀಳುತ್ತದೆಂಬ ರೂಢಿಯ ಮೇಲೆಯೇ ಆತ ಓವರ್‌ಟೇಕ್‌ಗೆ ಇಳಿಯುತ್ತಾನೆ. ಏನು ಬದಲಾಗಿದೆಯೆಂದು ಕನ್ನಡದಲ್ಲೋ ಮರಾಠಿಯಲ್ಲೋ ಎರಡು ಸಾಲು ಡ್ಯಾಷ್‌ಬೋರ್ಡ್‌ನಲ್ಲಿ ಮೂಡಿಸುವುದು, ಗೇರ್ ಹೊಂದಿಸುವುದಕ್ಕಿಂತ ಎಷ್ಟೋ ಸುಲಭದ ಕೆಲಸ.