ಅಂಗಿಯ ಒಳಮಗ್ಗುಲು

ಅಂಗಿ ಚೆನ್ನಾಗಿದೆಯೇ ಎಂದು ತಿಳಿಯಬೇಕಾದರೆ ಅದನ್ನು ತಿರುವಿ ನೋಡಬೇಕು. ಬಣ್ಣ, ಗೆರೆ, ಜೇಬಿನ ಮೇಲಿನ ಗುರುತು ಅಂಗಡಿಯ ದೀಪದ ಕೆಳಗೆ ಯಾವಾಗಲೂ ಚೆಂದವಾಗಿಯೇ ಕಾಣುತ್ತವೆ. ಹೊಲಿದವರ ಕೈ ಕಾಣುವುದು ಒಳಮಗ್ಗುಲಲ್ಲಿ. ಕಂಕುಳ ಹತ್ತಿರ ಎಳೆ ಬಿಟ್ಟುಕೊಂಡಿದೆಯೇ, ಬಟ್ಟೆಯ ಕತ್ತರಿಸಿದ ಅಂಚನ್ನು ಮಡಚಿ ಹೊಲಿದಿದ್ದಾರೆಯೇ, ಗುಂಡಿ ಹಚ್ಚಿದ ದಾರಕ್ಕೆ ಬುಡದಲ್ಲಿ ಸುತ್ತು ಹಾಕಿದ್ದಾರೆಯೇ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಗಂಡಸರ ಉಡುಪಿನ ಬಗೆಗಿನ ಈ ಅಧ್ಯಾಯದ ಮುಖ್ಯ ಮಾತು ಇಷ್ಟೇ: ಬೀರು ತುಂಬ ಬಟ್ಟೆ ಇದ್ದವರೇ ಒಪ್ಪವಾಗಿ ಕಾಣುತ್ತಾರೆ ಎಂದೇನಿಲ್ಲ. ನೂಲನ್ನೂ ಹೊಲಿಗೆಯನ್ನೂ ನೋಡಿ ಆರಿಸಲು ಬಲ್ಲವರಿಗೆ ಮೂರು ಜೊತೆ ಸಾಕು.

ಈ ಮಾತಿಗೆ ನಮ್ಮ ಕಡೆಯ ಉಡುಪನ್ನೇ ನೋಡೋಣ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿರುವ ಬಿಳಿಚೋಡು ಹೋಬಳಿಯ ಊರು. ಮಳೆ ಕಡಿಮೆ, ಬಿಸಿಲು ಹೆಚ್ಚು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿ ಬೆಳೆಯುವ ಸೀಮೆ. ಈ ಭಾಗದಲ್ಲಿ ಮದುವೆಗೆ, ಜಾತ್ರೆಗೆ, ಪಂಚಾಯ್ತಿಗೆ ಹೊರಟ ಹಿರಿಯರ ಉಡುಪು ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಕೆಲವರ ತಲೆಗೆ ರುಮಾಲು. ಇಂಗ್ಲೆಂಡಿನವರು ತಮ್ಮ ಕೋಟು ಟೈಗಳನ್ನು ಅಭಿಜಾತ ಉಡುಪು ಎನ್ನುವ ಅರ್ಥದಲ್ಲೇ ಇದೂ ಅಭಿಜಾತ. ಕಾಲ ಬದಲಾದರೂ ಆಕಾರ ಬದಲಾಗಿಲ್ಲ; ಎಲ್ಲಿಗೆ ಹೋದರೂ ಸಲ್ಲುತ್ತದೆ. ಆದರೆ ಬಿಳಿ ಬಟ್ಟೆ ಕಠಿಣ ಪರೀಕ್ಷೆ. ಗೆರೆಯಿಲ್ಲ, ಹೂವಿಲ್ಲ, ಬಣ್ಣವಿಲ್ಲ; ಕಳಪೆ ನೂಲನ್ನಾಗಲಿ ವಕ್ರ ಹೊಲಿಗೆಯನ್ನಾಗಲಿ ಮರೆಮಾಡಲು ಅದರಲ್ಲಿ ಏನೂ ಇಲ್ಲ.

ಪಂಚೆಯಿಂದಲೇ ಶುರು ಮಾಡೋಣ. ಕಚ್ಚೆ ಹಾಕಿ ಉಡುವ ಪಂಚೆಯನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳಕ್ಕೆ 18 ಇಂಚು. ‘ಒಂಬತ್ತು ಐದು’ ಎಂದರೆ ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ. ಪಂಚೆಯೇ ಸುಮಾರು 4.1 ಮೀಟರ್ ಆಯಿತು. ‘ಹತ್ತು ಆರು’ ಎಂದರೆ ಎತ್ತರದ, ಮೈಕಟ್ಟಿನ ಆಳಿಗೆ. ಅದರ ಪಂಚೆ 4.5 ಮೀಟರ್ ದಾಟುತ್ತದೆ. ಅಳತೆ ಸಾಲದ ಪಂಚೆಯಲ್ಲಿ ನೆರಿಗೆ ನಿಲ್ಲುವುದಿಲ್ಲ, ಉಟ್ಟವರು ಮದುವೆ ಮನೆಯಲ್ಲಿ ದಿನವೆಲ್ಲ ಅದನ್ನು ಸರಿಮಾಡಿಕೊಳ್ಳುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಬೆಲೆ ಕೇಳುವ ಮುನ್ನ ಉದ್ದ ಕೇಳಬೇಕು.

ಎರಡನೆಯ ಪ್ರಶ್ನೆ ನೂಲಿನದು. ಅಂಗಡಿಯವರು ‘ಅರವತ್ತು ಕೌಂಟು’, ‘ನೂರು ಕೌಂಟು’ ಎನ್ನುತ್ತಾರೆ. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ತೂಗಲು ಇಂಥ ಎಷ್ಟು ಲಡಿ ಬೇಕೋ ಅದೇ ಕೌಂಟು. 40 ಕೌಂಟಿನ ಒಂದು ಪೌಂಡು ನೂಲನ್ನು ಬಿಡಿಸಿದರೆ ಸುಮಾರು 30 ಕಿಲೋಮೀಟರ್ ಉದ್ದವಾಗುತ್ತದೆ; 100 ಕೌಂಟಿನದು 76 ಕಿಲೋಮೀಟರ್ ದಾಟುತ್ತದೆ. ಕೌಂಟು ಏರಿದಷ್ಟೂ ಎಳೆ ಸಣ್ಣ, ಬಟ್ಟೆ ನಯ, ಬೆಲೆ ಹೆಚ್ಚು. ಆದರೆ ಕೌಂಟು ಹೆಚ್ಚಿದ ಮಾತ್ರಕ್ಕೆ ಬಟ್ಟೆ ಒಳ್ಳೆಯದು ಎನ್ನುವುದು ವ್ಯಾಪಾರದ ಮಾತು. ಹೊಲಕ್ಕೆ, ಸಂತೆಗೆ ಉಡುವ ಪಂಚೆಗೆ 40 ಕೌಂಟಿನ ನೂಲೇ ಸರಿ. ಕಲ್ಲಿನ ಮೇಲೆ ಬಡಿದು ಒಗೆದರೂ ತಡೆಯುತ್ತದೆ. 100 ಕೌಂಟಿನದನ್ನು ಹಾಗೆ ಒಗೆದರೆ ಬೇಗ ಹಿಂಜುತ್ತದೆ. ಅದನ್ನು ಹಬ್ಬಕ್ಕೆಂದು ಎತ್ತಿಡಬೇಕು.

ಸಣ್ಣ ಎಳೆ ತೆಗೆಯಬೇಕಾದರೆ ಹತ್ತಿಯ ನಾರು ಉದ್ದವಿರಬೇಕು. ಉದ್ದ ನಾರುಗಳು ಒಂದನ್ನೊಂದು ಹೆಚ್ಚು ದೂರ ಹಿಡಿದುಕೊಳ್ಳುತ್ತವೆ, ತುದಿಗಳು ಕಡಿಮೆ ಇರುತ್ತವೆ, ಆದ್ದರಿಂದ ಬಟ್ಟೆಯ ಮೇಲೆ ಗುಂಜು ಏಳುವುದಿಲ್ಲ. ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡುವಂಥ ಕೆಲಸ ನಡೆದಿರುವುದು ಧಾರವಾಡದಲ್ಲಿ. ಅಲ್ಲಿಯ ಕೃಷಿ ಸಂಶೋಧಕರು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನೂ 1981ರಲ್ಲಿ ‘ಜಯಲಕ್ಷ್ಮಿ’ ಎಂಬ ಡಿ.ಸಿ.ಎಚ್. 32 ತಳಿಯನ್ನೂ ಹೊರತಂದರು. ಹೊರದೇಶದಿಂದ ತರಿಸಬೇಕಾಗಿದ್ದ ಉದ್ದ ನಾರಿನ ಹತ್ತಿ ಇಲ್ಲಿಯ ಹೊಲದಲ್ಲೇ ಬೆಳೆಯಿತು. ನಯವಾದ ಅಂಗಿಯ ಮೊದಲ ಕುಶಲಕರ್ಮಿ ರೈತ ಎನ್ನುವುದನ್ನು ಬಟ್ಟೆಯ ಬಗ್ಗೆ ಬರೆಯುವವರು ಬಹಳ ಸಲ ಮರೆಯುತ್ತಾರೆ.

ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅದೇ ತಲೆಮಾರಿನಲ್ಲಿ ಅಂಗಿಯ ಬಟ್ಟೆಯೂ ಬದಲಾಯಿತು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಕಂಡುಹಿಡಿದ ಟೆರಿಲಿನ್ ಎಂಬ ಪಾಲಿಯೆಸ್ಟರ್, ಹತ್ತಿಯ ಜೊತೆ ಬೆರೆತು ‘ಟೆರಿಕಾಟ್’ ಆಗಿ ನಮ್ಮ ಹಳ್ಳಿಗಳಿಗೂ ಬಂತು. ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿಯ ಖರ್ಚಿಲ್ಲ. ನೀರಿಗೆ ಬರವಿರುವ ಸೀಮೆಯ ಜನ ಅದನ್ನು ಮೆಚ್ಚಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೈ ಬೇರೆಯೇ ಹೇಳುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8.5ರಷ್ಟು ತೇವ ಹಿಡಿದುಕೊಳ್ಳಬಲ್ಲದು, ಉಣ್ಣೆ ಸುಮಾರು ಶೇ. 16ರಷ್ಟು, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಜಗಳೂರಿನ ಬಸ್ಸಿನಲ್ಲಿ ನಿಂತವರಿಗೆ ಈ ಅಂಕಿಗಳು ಬೆನ್ನಿನ ಮೇಲೆಯೇ ತಿಳಿಯುತ್ತವೆ. ಬೆವರು ಹೀರದ ಅಂಗಿ ಎಷ್ಟು ಗರಿಗರಿಯಾಗಿದ್ದರೂ ತೊಟ್ಟವರ ಮುಖದಲ್ಲಿ ಗೆಲುವು ಇರುವುದಿಲ್ಲ.

ಬಟ್ಟೆ ಯಾವುದೆಂದು ಗೊತ್ತಾಗದಿದ್ದರೆ ಅಂಚಿನಿಂದ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗಿ ಉಳಿಯುತ್ತದೆ. ಬಟ್ಟೆಯನ್ನು ಎರಡು ಕೈಯಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಗಂಜಿ ಹೆಚ್ಚು, ನೂಲು ಕಡಿಮೆ ಎಂದರ್ಥ. ಎರಡು ಒಗೆತದ ಮೇಲೆ ಅದು ಜಾಳುಜಾಳಾಗುತ್ತದೆ.

ಖಾದಿಯ ಮಾತು ಬಾರದೆ ನಮ್ಮ ಕಡೆಯ ಗಂಡಸರ ಉಡುಪಿನ ಮಾತು ಮುಗಿಯದು. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲರಾಗಿ, ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರನ್ನು ನೆನೆದರೆ ಬಿಳಿ ಖಾದಿಯ ಪಂಚೆ, ಜುಬ್ಬ, ಟೋಪಿಯೇ ಕಣ್ಣಮುಂದೆ ಬರುತ್ತವೆ. ಒರಟು ಬಟ್ಟೆಯಲ್ಲೂ ಗಾಂಭೀರ್ಯ ಸಾಧ್ಯ ಎಂದು ಆ ತಲೆಮಾರು ತೋರಿಸಿಕೊಟ್ಟಿತು. ಖಾದಿ ಎಂದರೆ ಅಳತೆಯಿಲ್ಲದ, ಹೇಗೋ ನೇಯ್ದ ಬಟ್ಟೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ಅದಕ್ಕೆ ಉತ್ತರ ಧಾರವಾಡ ಜಿಲ್ಲೆಯ ಗರಗದಲ್ಲಿದೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಗರಗದ ಕೈಮಗ್ಗದ ಖಾದಿ ರಾಷ್ಟ್ರಧ್ವಜದ ಬಟ್ಟೆಯಾಗಿ ಹೆಸರಾದದ್ದು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬೆಂಗೇರಿಯಲ್ಲಿ ಧ್ವಜ ತಯಾರಿಸುತ್ತದೆ. ಅಲ್ಲಿ ಎಳೆಯ ಗಟ್ಟಿತನ, ಬಣ್ಣ, ಉದ್ದ ಅಗಲ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ನಿಯಮವಿದೆ. ಒಂದರಲ್ಲಿ ತಪ್ಪಿದರೂ ಧ್ವಜ ತಿರಸ್ಕೃತವಾಗುತ್ತದೆ. ಕೈಕೆಲಸದಲ್ಲಿ ಇಷ್ಟು ಕರಾರುವಾಕ್ಕುತನ ಸಾಧ್ಯವಿದ್ದರೆ ನಾವು ಅಂಗಿಯಲ್ಲೂ ಅದನ್ನು ಕೇಳಬಹುದು.

ಇನ್ನು ಹೊಲಿಗೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದಾರೆ. ಹೊಲಿಯುವ ಕೆಲಸಕ್ಕೆ ಈ ನಾಡಿನಲ್ಲಿ ಅಷ್ಟು ಹಳೆಯ ಗೌರವವಿದೆ. ಇಂದು ಹೋಬಳಿ ಊರಿನ ಟೈಲರ್ ಅಂಗಡಿಗೆ ಹಬ್ಬದ ಮುಂಚೆ ಓಡಿ, ನಾಳೆಯೇ ಬೇಕು ಎನ್ನುವ ನಾವು ಆ ಗೌರವವನ್ನು ಉಳಿಸಿಕೊಂಡಿಲ್ಲ. ಹೊಲಿಗೆ ಕೆಡುವುದಕ್ಕೆ ಅವಸರದ ಗಿರಾಕಿಯೇ ಮುಕ್ಕಾಲು ಕಾರಣ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಒಳ್ಳೆಯ ಟೈಲರ್ ಕತ್ತರಿ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿದ ಮೇಲೆ ಕತ್ತರಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ತೋಳು ಮಣಿಕಟ್ಟಿನಿಂದ ಮೇಲೇರುತ್ತದೆ. ಗಿರಣಿಯಲ್ಲೇ ಕುಗ್ಗಿಸಿ ಕಳಿಸಿದ ‘ಸ್ಯಾನ್ಫರೈಸ್ಡ್’ ಬಟ್ಟೆಗೆ ಇದು ಬೇಕಿಲ್ಲ, ಕೈಮಗ್ಗದ ಬಟ್ಟೆಗೆ ಬೇಕೇ ಬೇಕು. ಆಮೇಲೆ ಹಾಸು ಹೊಕ್ಕು ನೇರವಾಗಿರುವಂತೆ ಬಟ್ಟೆಯನ್ನು ಮೇಜಿನ ಮೇಲೆ ಹರಡಬೇಕು. ಬಟ್ಟೆ ಉಳಿಸಲೆಂದು ಓರೆಯಾಗಿಟ್ಟು ಕತ್ತರಿಸಿದ ಅಂಗಿ ನಾಲ್ಕು ಒಗೆತದಲ್ಲಿ ತಿರುಚಿಕೊಂಡು ಗುಂಡಿಪಟ್ಟಿ ಹೊಟ್ಟೆಯ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಪನ್ನ, ಅಂದರೆ ಬಟ್ಟೆಯ ಅಗಲ ನೋಡಿ ಸಾಕಷ್ಟು ಬಟ್ಟೆ ಕೊಳ್ಳಿ: 36 ಇಂಚಿನ ಪನ್ನದಲ್ಲಿ ತುಂಬುತೋಳಿನ ಅಂಗಿಗೆ ಎರಡೂಕಾಲು ಮೀಟರ್ ಬೇಕು, 58 ಇಂಚಿನ ದೊಡ್ಡ ಪನ್ನದಲ್ಲಿ ಸುಮಾರು 1.6 ಮೀಟರ್ ಸಾಕು. ಜಿಪುಣತನ ಮಾಡಿ ಕಾಲು ಮೀಟರ್ ಕಡಿಮೆ ತಂದುಕೊಟ್ಟು ಟೈಲರನ್ನು ದೂರಬಾರದು.

ಅಳತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೆಗಲು. ತೋಳು ಕೂಡುವ ಹೊಲಿಗೆ ಹೆಗಲ ಮೂಳೆಯ ತುದಿಯಲ್ಲಿ ಕೂರಬೇಕು. ಉದ್ದ ಹೆಚ್ಚಾದರೆ ಕತ್ತರಿಸಬಹುದು, ಸೊಂಟ ಸಡಿಲವಾದರೆ ಹಿಡಿಸಬಹುದು. ಹೆಗಲು ತಪ್ಪಿದರೆ ಅಂಗಿಯನ್ನೇ ಬಿಚ್ಚಿ ಹೊಲಿಯಬೇಕು. ಕೊರಳ ಗುಂಡಿ ಹಾಕಿದಾಗ ಕಾಲರಿನೊಳಗೆ ಒಂದೆರಡು ಬೆರಳು ಆಡಬೇಕು. ಗೆರೆಯ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಯೊಂದಿಗೆ ಕೂಡಿದೆಯೇ ನೋಡಿ. ಹೊಲಿದವರ ತಾಳ್ಮೆಗೆ ಇದಕ್ಕಿಂತ ಬೇಗ ಸಿಗುವ ಸಾಕ್ಷಿ ಇಲ್ಲ. ಹೊಲಿಗೆಯ ಟಾಕುಗಳನ್ನು ಎಣಿಸಿದರೂ ತಿಳಿಯುತ್ತದೆ. ಇಂಚಿಗೆ ಏಳೆಂಟು ಟಾಕು ಇದ್ದರೆ ಅದು ಅವಸರದ ಕೆಲಸ. ಹದಿನಾಲ್ಕು ದಾಟಿದರೆ ಸಮಯ ಕೊಟ್ಟು ಹೊಲಿದಿದ್ದಾರೆ. ಪಕ್ಕದ ಹೊಲಿಗೆಯಲ್ಲಿ ಅಂಚನ್ನು ಒಳಗೆ ಮಡಚಿ ಎರಡನೇ ಸಲ ಹೊಲಿದಿದ್ದರೆ ಆ ಜಾಗ ಬಟ್ಟೆ ಹರಿದರೂ ಬಿಚ್ಚುವುದಿಲ್ಲ.

ಕೋಟಿನ ಗುಟ್ಟು ಇನ್ನೂ ಒಳಗಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರಗಳನ್ನು ಗಮನಿಸಿ. 1912ರಿಂದ 1918ರವರೆಗೆ ದಿವಾನರಾಗಿದ್ದಾಗಿನದಿರಲಿ, 1955ರಲ್ಲಿ ಭಾರತರತ್ನ ಬಂದ ಕಾಲದ್ದಿರಲಿ, ಕೋಟಿನ ಎದೆ ಸಮವಾಗಿ ಕೂತಿರುತ್ತದೆ, ತಲೆಯ ಮೇಲೆ ಮೈಸೂರು ಪೇಟ. ಶಿಸ್ತಿನ ಉಡುಪಿಗೆ ಅವರು ಹೆಸರಾದವರು. ಎದೆ ಹಾಗೆ ಕೂರಲು ಕಾರಣ ಹೊರಬಟ್ಟೆಗೂ ಅಸ್ತರಿಗೂ ನಡುವೆ ಇರುವ ಕ್ಯಾನ್ವಾಸು. ಕುದುರೆಯ ಕೂದಲು ಸೇರಿಸಿ ನೇಯ್ದ ಆ ಪದರವನ್ನು ಹಳೆಯ ಪದ್ಧತಿಯಲ್ಲಿ ಕೈಯಿಂದ ಸಡಿಲವಾಗಿ ಹೊಲಿಯುತ್ತಾರೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಟೈಲರುಗಳು ಇಂದಿಗೂ ಹಾಗೆಯೇ ಮಾಡುತ್ತಾರೆ. ತೊಡುತ್ತ ತೊಡುತ್ತ ಅದು ಮೈಯ ಆಕಾರಕ್ಕೆ ಬರುತ್ತದೆ. ಅಗ್ಗದ ಮದುವೆ ಸೂಟುಗಳಲ್ಲಿ ಈ ಪದರವನ್ನು ಅಂಟಿನಿಂದ, ಬಿಸಿ ಒತ್ತಿ ಅಂಟಿಸಿರುತ್ತಾರೆ. ಕೆಲವು ಒಗೆತ, ಇಸ್ತ್ರಿಯ ನಂತರ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತದೆ. ಗುಂಡಿಯ ಹತ್ತಿರ ಕೋಟನ್ನು ಎರಡು ಬೆರಳಲ್ಲಿ ಚಿವುಟಿ, ಪದರಗಳನ್ನು ಬೇರೆ ಮಾಡಿ ನೋಡಿ. ನಡುವೆ ಮೂರನೆಯ ಪದರ ಸಡಿಲವಾಗಿ ಜಾರಿದರೆ ಅದು ಹೊಲಿದ ಕೋಟು. ಬಿರು ಬೇಸಿಗೆಯ ಮದುವೆಗೆ ಒಂದು ದಿನದ ಅಂಟಿನ ಸೂಟು ಕೊಳ್ಳುವ ವರ, ಅದೇ ಹಣದಲ್ಲಿ ಒಳ್ಳೆಯ ಪಂಚೆ ಶಲ್ಯವನ್ನೂ ಎರಡು ಅಂಗಿಯನ್ನೂ ಮಾಡಿಸಿಕೊಂಡರೆ ವರ್ಷಗಟ್ಟಲೆ ಒಪ್ಪವಾಗಿ ಕಾಣುತ್ತಾನೆ. ಪೇಟದ್ದೂ ಹೀಗೆಯೇ. ಸನ್ಮಾನದಲ್ಲಿ ತೊಡಿಸುವ ಸಿದ್ಧ ಪೇಟ ತಲೆಯ ಅಳತೆ ಅರಿಯದು. ತಲೆಗೆ ತಕ್ಕಂತೆ ಕೈಯಲ್ಲಿ ಸುತ್ತಿ ಕಟ್ಟಿದ ಪೇಟದ ಕಳೆಯೇ ಬೇರೆ.

ಚಳಿಗೆ, ಜಡಿಮಳೆಗೆ ಈ ಸೀಮೆಯ ಗಂಡಸರ ಮೇಲುಡುಪು ಕಂಬಳಿ. ನೆರೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ದಖ್ಖನಿ ಕುರಿಯ ಕಪ್ಪು ಉಣ್ಣೆಗೆ ಬಣ್ಣ ಬೇಡ. ಹಾಸಿನ ಎಳೆಗೆ ಹುಣಸೆ ಬೀಜದ ಸರಿ ಬಳಿದು ಕುರುಬ ನೇಕಾರರು ಕುಣಿಮಗ್ಗದಲ್ಲಿ ನೇಯುತ್ತಾರೆ. ಉಣ್ಣೆಯ ಸಹಜ ಜಿಡ್ಡಿನಿಂದ ಮಳೆಹನಿ ಬೇಗ ಒಳಗಿಳಿಯುವುದಿಲ್ಲ. ಗಿರಣಿಯ ಮಿಶ್ರ ನೂಲಿನ ಕಂಬಳಿ ಮೆತ್ತಗಿರುತ್ತದೆ, ಅಗ್ಗವೂ ಹೌದು, ಆದರೆ ಮಳೆಯಲ್ಲಿ ನೆನೆದು ಹೆಗಲಿಗೆ ಭಾರವಾಗುತ್ತದೆ. ಕಾಲಿಗಾದರೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಗಿಡದ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ತೊಗಲನ್ನು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ, ಮೊಳೆ ಹೊಡೆಯುವುದಿಲ್ಲ. ತಿರುವಿ ನೋಡುವ ನಿಯಮ ಇಲ್ಲಿಗೂ ಸಲ್ಲುತ್ತದೆ: ಅಟ್ಟೆಯ ಅಡಿಯಲ್ಲಿ ಮೊಳೆಯ ತಲೆ ಕಂಡರೆ ಅದು ಅಸಲಿ ಕೊಲ್ಹಾಪುರಿಯಲ್ಲ.

ಬಟ್ಟೆಯ ಬಾಳಿಕೆ ಒಗೆತದಲ್ಲಿದೆ. ಬಿಳಿಯನ್ನು ಬಣ್ಣದಿಂದ ಬೇರೆಯಾಗಿ ಒಗೆದು, ತೆಳುವಾಗಿ ನೀಲಿ ಹಾಕಿ, ಒಳಮಗ್ಗುಲು ಮೇಲೆ ಮಾಡಿ ಒಣಹಾಕಬೇಕು. ಕಾಲರಿನ ಕೊಳೆಗೆ ಬ್ರಷ್ಷು ತಿಕ್ಕಬಾರದು, ಸೋಪು ಹಚ್ಚಿ ಅರ್ಧ ಗಂಟೆ ಬಿಟ್ಟರೆ ಕೈಯಲ್ಲೇ ಹೋಗುತ್ತದೆ. ಗಂಜಿ ಪಂಚೆಗೆ ಬೇಕು, ಆದರೆ ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಚಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ, ಹುಳವೂ ಹತ್ತುತ್ತದೆ. ಎತ್ತಿಡುವ ಮುನ್ನ ಗಂಜಿ ತೆಗೆದು ಒಗೆಯಬೇಕು.

ಅಂಗಿಯಲ್ಲಿ ಮೊದಲು ಸವೆಯುವುದು ಕಾಲರಿನ ಮಡಿಕೆ. ಮೈಬಟ್ಟೆ ಗಟ್ಟಿಯಿದ್ದರೆ ಅದನ್ನು ಬಿಸಾಡಬೇಕಿಲ್ಲ. ಹಳೆಯ ಟೈಲರುಗಳು ಕಾಲರನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿದುಕೊಡುತ್ತಾರೆ. ಅಂಗಿಗೆ ಮತ್ತೊಂದೆರಡು ವರ್ಷದ ಆಯುಷ್ಯ. ಪ್ಯಾಂಟಿನ ಹಿಂಬದಿಯ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರೆ ಸೊಂಟ ಬೆಳೆದಾಗ ಬಿಡಿಸಿಕೊಳ್ಳಬಹುದು. ಹೊಲಿಯಲು ಕೊಡುವಾಗಲೇ ಬಟ್ಟೆ ಬಿಟ್ಟು ಹೊಲಿಯಿರಿ ಎಂದು ಹೇಳಿ, ಮಿಕ್ಕ ತುಂಡನ್ನು ಕೇಳಿ ಇಸಿದುಕೊಳ್ಳಿ. ಮುಂದೆ ಕಫ್ ಬದಲಿಸಲು ಅದೇ ಬಣ್ಣದ, ಅದೇ ನೂಲಿನ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.