ಬೇಡವಾದದ್ದು ಯಾರಿಗೆ?

ಗಣಕಯಂತ್ರವಿರುವ ಮನೆಗಳಲ್ಲಿ ಈಗ ಅದಕ್ಕೊಂದು ಕಾವಲಿನ ತಂತ್ರಾಂಶವೂ ಸಾಮಾನ್ಯವಾಗಿ ಇರುವುದು. ಅದು ಒಮ್ಮೊಮ್ಮೆ ಕೆಲಸದ ನಡುವೆ ತಡೆದು, ಇದು ಪ್ರಾಯಶಃ ನಿಮಗೆ ಬೇಡವಾದ ಪ್ರೋಗ್ರಾಂ ಎಂಬರ್ಥದ ಎಚ್ಚರಿಕೆಯನ್ನು ಪರದೆಯ ಮೇಲೆ ಮೂಡಿಸುವುದುಂಟು. ಇಂಗ್ಲಿಷಿನಲ್ಲಿ ಇದಕ್ಕೆ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಪ್ರೋಗ್ರಾಂ’ ಎಂದೂ, ಸಂಕ್ಷೇಪವಾಗಿ ಪಿ.ಯು.ಪಿ. ಎಂದೂ ಹೆಸರು. ಕಳ್ಳನೆಂದು ಹೇಳಿದ್ದರೆ ಗೃಹಸ್ಥನು ಕೂಡಲೆ ಹೊರದೂಡುತ್ತಿದ್ದನು. ನೆಂಟನೆಂದಿದ್ದರೆ ಮಣೆ ಹಾಕಿ ಕೂರಿಸುತ್ತಿದ್ದನು. ಎರಡೂ ಅಲ್ಲದ ಈ ಮಾತನ್ನು ಕೇಳಿ ಅವನು ಏನು ಮಾಡತಕ್ಕದ್ದು? ಇದನ್ನು ವಾಚಕರೊಡನೆ ಕೊಂಚ ವಿಚಾರಿಸಬೇಕೆಂದು ನಮ್ಮ ಉದ್ದೇಶ.

ನಮ್ಮ ನೈಯಾಯಿಕರು ನಿಶ್ಚಯ, ಸಂಶಯ, ವಿಪರ್ಯಯ ಎಂಬ ಭೇದಗಳನ್ನು ಹೇಳುವುದುಂಟು. ಮಬ್ಬುಬೆಳಕಿನಲ್ಲಿ ದೂರ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ಮನಸ್ಸು ತೂಗಾಡುವುದು ಸಂಶಯ. ಹಗ್ಗವನ್ನು ಹಾವೆಂದೇ ತಿಳಿಯುವುದು ವಿಪರ್ಯಯ. ಕಾವಲುಗಾರನು ವೈರಸ್ಸನ್ನು ವೈರಸ್ಸೆಂದು ಹಿಡಿದರೆ ಅದು ನಿಶ್ಚಯ. ನಿರಪರಾಧಿಯನ್ನು ವೈರಸ್ಸೆಂದು ಹಿಡಿದರೆ ವಿಪರ್ಯಯ. ‘ಪ್ರಾಯಶಃ ಬೇಡವಾದದ್ದು’ ಎಂಬುದು ಸಂಶಯದ ಮಾತು. ಆದರೆ ಈ ಸಂಶಯ ಬಹುಮಟ್ಟಿಗೆ ಪ್ರೋಗ್ರಾಮಿನ ವಿಷಯವಾದುದಲ್ಲ. ಅದು ಮಾಡುವ ಕೆಲಸ ಕಾವಲುಗಾರನಿಗೆ ತಿಳಿದೇ ಇರುವುದು. ತಿಳಿಯದಿರುವುದು ಮನೆಯ ಯಜಮಾನನ ಇಚ್ಛೆ. ‘ಬೇಡ’ ಎಂದರೆ ‘ಯಾರಿಗೆ?’ ಎಂಬ ಆಕಾಂಕ್ಷೆ ಹುಟ್ಟುತ್ತದೆ. ಆ ಚತುರ್ಥೀವಿಭಕ್ತಿಯ ಪದವನ್ನು ಗೃಹಸ್ಥನೇ ತುಂಬಬೇಕಾಗಿದೆ.

ಇಂಥವು ಮನೆಯೊಳಕ್ಕೆ ಬರುವ ದಾರಿಯನ್ನು ನೋಡೋಣ. ಹಲವು ಉಚಿತ ತಂತ್ರಾಂಶಗಳ ಬೆನ್ನಿಗೆ ಬೇರೊಂದನ್ನು ಕಟ್ಟಿ ಕಳುಹಿಸುವ ಪದ್ಧತಿ ಇದೆ. ಒಪ್ಪಿಗೆಯ ಗುರುತು ಮೊದಲೇ ಹಾಕಿರುತ್ತದೆ. ಅವಸರದಲ್ಲಿ ‘ಮುಂದೆ, ಮುಂದೆ’ ಎಂದು ಒತ್ತುವವನು ಅದನ್ನು ಗಮನಿಸುವುದಿಲ್ಲ. ಆರೇಕಲ್ ಸಂಸ್ಥೆಯ ಜಾವಾ ತಂತ್ರಾಂಶದೊಡನೆ ಆಸ್ಕ್ ಟೂಲ್‌ಬಾರ್ ಎಂಬುದು ಹಲವು ವರ್ಷ ಹೀಗೆ ಬರುತ್ತಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡವಾದ ತಂತ್ರಾಂಶಗಳ ಪಟ್ಟಿಗೆ ಸೇರಿಸಿತು. ಕೆಲವು ವೇಳೆ ಅಂಗಡಿಯಿಂದ ತಂದ ಹೊಸ ಯಂತ್ರದಲ್ಲಿಯೇ ಅದು ಕುಳಿತಿರುವುದುಂಟು. 2014ರಲ್ಲಿ ಲೆನೋವೊ ಸಂಸ್ಥೆ ಮಾರಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಸಂಸ್ಥೆಯ ಜಾಹೀರಾತಿನ ಪ್ರೋಗ್ರಾಂ ಇತ್ತು. ಅದು ಸುರಕ್ಷಿತ ಜಾಲತಾಣಗಳೊಡನೆ ನಡೆಯುವ ಗುಪ್ತಸಂಭಾಷಣೆಯ ನಡುವೆಯೂ ಕಿವಿಯಿಡುತ್ತಿತ್ತು. ಅದರ ಬೀಗದ ಕೈ ಎಲ್ಲ ಯಂತ್ರಗಳಿಗೂ ಒಂದೇ ಆಗಿದ್ದುದರಿಂದ, ಅದನ್ನು ತಿಳಿದ ಯಾವ ದುಷ್ಟನಾದರೂ ಒಳನುಗ್ಗಬಹುದಾಗಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಗಲು, ಮೈಕ್ರೋಸಾಫ್ಟಿನ ಕಾವಲುಗಾರನೇ ಅದನ್ನು ಕಿತ್ತುಹಾಕತೊಡಗಿತು.

ಇನ್ನೊಂದು ವರ್ಗವು ನೇರವಾಗಿ ಹಣದ ಗಂಟಿಗೇ ಕೈಹಾಕತಕ್ಕದ್ದು. ಯಂತ್ರವನ್ನು ಉಚಿತವಾಗಿ ಪರೀಕ್ಷಿಸುವೆವೆಂದು ಬಂದು, ನೂರಾರು ದೋಷಗಳಿವೆಯೆಂದು ಕೆಂಪಕ್ಷರದಲ್ಲಿ ಹೆದರಿಸಿ, ಹಣ ತೆತ್ತರೆ ಸರಿಪಡಿಸುವೆವೆನ್ನುವ ಪ್ರೋಗ್ರಾಂಗಳಿವೆ. ವೃದ್ಧರೂ ಒಂಟಿಯಾಗಿರುವವರೂ ಇದಕ್ಕೆ ಬೇಗ ಬಲಿಯಾಗುವರು. ಹೀಗೆ ಹೆದರಿಸಿ ಹಣ ಕೀಳುವ ತಂತ್ರಾಂಶಗಳನ್ನು 2018ರ ಮಾರ್ಚ್ 1ರಿಂದ ಬೇಡವಾದವೆಂದು ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು.

ಹಾಗಾದರೆ ಕಾವಲುಗಾರನ ಮಾತೇ ವೇದವಾಕ್ಯವೇ? ಅಲ್ಲ. ಯಾವುದು ಬೇಡವಾದದ್ದೆಂಬ ಲಕ್ಷಣವನ್ನು ಆಯಾ ಸಂಸ್ಥೆಯೇ ಬರೆದುಕೊಂಡಿರುತ್ತದೆ; ಒಬ್ಬರು ಹಿಡಿದದ್ದನ್ನು ಮತ್ತೊಬ್ಬರು ಬಿಡುವುದುಂಟು. ಅಮೆರಿಕದ ನ್ಯಾಯಾಲಯಗಳಲ್ಲಿ ಈ ವಿಷಯವಾಗಿ ವ್ಯಾಜ್ಯಗಳು ನಡೆದಿವೆ. ಜಾಂಗೋ ಎಂಬ ಜಾಹೀರಾತು ತಂತ್ರಾಂಶದ ಸಂಸ್ಥೆಯು ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಮೇಲೆ ಹೂಡಿದ ದಾವೆಯಲ್ಲಿ, ಇಂಥ ತಡೆಗೆ 1996ರ ಕಾನೂನಿನ ರಕ್ಷಣೆಯುಂಟೆಂದು ಮೇಲ್ಮನವಿ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಮುಂದೆ 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯು ಎನಿಗ್ಮಾ ಸಂಸ್ಥೆಯ ತಂತ್ರಾಂಶಗಳನ್ನು ಬೇಡವಾದವೆಂದು ಹಿಡಿಯಿತು. ಇವೆರಡೂ ಕಾವಲಿನ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳು! ಸ್ಪರ್ಧಿಯನ್ನು ತುಳಿಯುವ ದುರುದ್ದೇಶದಿಂದ ತಡೆದರೆ ಕಾನೂನಿನ ಆ ರಕ್ಷಣೆ ಸಲ್ಲದೆಂದು ಅದೇ ನ್ಯಾಯಾಲಯವು 2019ರಲ್ಲಿ ಹೇಳಿತು. 2023ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿತು: ‘ಪ್ರಾಯಶಃ ಬೇಡವಾದದ್ದು’ ಎಂಬುದು ಕೇವಲ ಅಭಿಪ್ರಾಯ, ‘ದುಷ್ಟ’, ‘ಅಪಾಯಕಾರಿ’ ಎಂಬ ಮಾತುಗಳಾದರೋ ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಹೇಳಿಕೆಗಳು, ಆದುದರಿಂದ ದಾವೆ ಮುಂದುವರಿಯಬಹುದು. ಶಬ್ದಪ್ರಯೋಗದಲ್ಲಿ ಎಚ್ಚರವಿರಬೇಕೆಂದು ಪಂಡಿತರು ಹೇಳುವುದನ್ನೇ ನ್ಯಾಯಾಧೀಶರೂ ಹೇಳಿದಂತಾಯಿತು.

ಉಪಯುಕ್ತವಾದ ಉಪಕರಣಗಳೂ ಕೆಲವು ವೇಳೆ ಈ ಬಲೆಗೆ ಬೀಳುವುವು. ಮರೆತ ಪಾಸ್‌ವರ್ಡನ್ನು ಹುಡುಕಿಕೊಡುವ ಪ್ರೋಗ್ರಾಂ ಒಡೆಯನ ಕೈಯಲ್ಲಿ ಸಹಾಯಕ, ಕಳ್ಳನ ಕೈಯಲ್ಲಿ ಕನ್ನಗತ್ತರಿ. ದೂರದ ಊರಿನಿಂದ ಮಗನು ತಂದೆಯ ಯಂತ್ರವನ್ನು ಸರಿಪಡಿಸಲು ಬಳಸುವ ತಂತ್ರಾಂಶದಿಂದಲೇ, ಬ್ಯಾಂಕಿನವರೆಂದು ಸುಳ್ಳು ಹೇಳುವ ವಂಚಕನು ಖಾತೆಯನ್ನು ಬರಿದುಮಾಡಬಲ್ಲನು. ಇಂಥ ದುರುಪಯೋಗದ ವಿಷಯವಾಗಿ ನಮ್ಮ ರಿಸರ್ವ್ ಬ್ಯಾಂಕು 2019ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಈ ಜಾತಿಯವಕ್ಕೆ ಕ್ಯಾಸ್ಪರ್‌ಸ್ಕಿಯವರು ಹೆಸರಿನ ಹಿಂದೆ ‘ನಾಟ್-ಎ-ವೈರಸ್’, ಅಂದರೆ ‘ವೈರಸ್ಸಲ್ಲ’ ಎಂದು ಸೇರಿಸುವುದು ಉಚಿತವಾಗಿಯೇ ಇದೆ.

ಇನ್ನು ಗೃಹಸ್ಥನ ಕರ್ತವ್ಯ. ಎಚ್ಚರಿಕೆ ಮೂಡಿದಾಗ ಗಾಬರಿಯಿಂದಲೂ ಬೇಸರದಿಂದಲೂ ಗುಂಡಿಯನ್ನು ಒತ್ತಬಾರದು. ಮೊದಲು ಪ್ರೋಗ್ರಾಮಿನ ಹೆಸರನ್ನು ಓದಬೇಕು. ಆಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದನ್ನು ನಾವೇ ತಂದೆವೇ? ಮಾಡಿದವರ ಸ್ವಂತ ತಾಣದಿಂದ ತಂದೆವೇ? ಇದರ ಕೆಲಸವೇನೆಂದು ಬಲ್ಲೆವೇ? ಮೂರಕ್ಕೂ ಹೌದೆಂಬ ಉತ್ತರವಿದ್ದರೆ, ತಿಳಿದವರೊಬ್ಬರನ್ನು ವಿಚಾರಿಸಿ ಉಳಿಸಿಕೊಳ್ಳಬಹುದು. ಒಂದಕ್ಕಾದರೂ ಇಲ್ಲವೆಂದಾದರೆ ತೆಗೆದುಹಾಕುವುದೇ ಲೇಸು. ನಿಜವಾಗಿ ಬೇಕಾದರೆ ನಾಳೆ ಮತ್ತೆ ತರಬಹುದು, ಹೋದ ಹಣವನ್ನು ತರುವುದು ಕಷ್ಟ. ಫೋನಿನಲ್ಲಿ ಮಾತನಾಡುವ ಅಪರಿಚಿತನು ‘ಆ ಎಚ್ಚರಿಕೆಯನ್ನು ಲೆಕ್ಕಿಸಬೇಡಿ’ ಎಂದು ಹೇಳಿದರೆ, ಅಲ್ಲಿಗೆ ಸಂಶಯ ತೀರಿತು; ಫೋನನ್ನು ಕೆಳಗಿಡತಕ್ಕದ್ದು.

ವಿಂಡೋಸ್ ಯಂತ್ರಗಳಲ್ಲಿ ಈ ತಡೆಯನ್ನು ಬೇಕಾದವರು ಹಾಕಿಕೊಳ್ಳುವ ಅನುಕೂಲ 2020ರಲ್ಲಿ ಬಂದಿತು. 2021ರ ಆಗಸ್ಟಿನಿಂದ ಅದು ತಾನಾಗಿಯೇ ಜಾರಿಯಲ್ಲಿರುವಂತೆ ಮೈಕ್ರೋಸಾಫ್ಟ್ ಏರ್ಪಡಿಸಿತು. ಎಚ್ಚರಿಕೆಗಳ ಕಾಟವೆಂದು ಅದನ್ನು ಆರಿಸಿಬಿಡುವುದು ಜಾಣತನವಲ್ಲ. ಮನೆಯ ಹಿರಿಯರಿಗೂ ಮಕ್ಕಳಿಗೂ ಒಂದು ಮಾತನ್ನು ಇಂದೇ ಹೇಳಿಟ್ಟರೆ ಸಾಕು: ಇಂಥದೊಂದು ಬರಹ ಕಂಡರೆ ಏನನ್ನೂ ಒತ್ತದೆ ನಮ್ಮನ್ನು ಕರೆಯಿರಿ, ಕರೆದುದಕ್ಕೆ ಯಾರೂ ಗದರುವುದಿಲ್ಲ.